ಅಳಗುಳಿಮಣೆಗೊಂದು ಲೆಕ್ಕದ ಪುಸ್ತಕ

ಗೃಹಸ್ಥನ ಮನೆಯೆಂದಮೇಲೆ ಲೆಕ್ಕದ ಪುಸ್ತಕವೊಂದು ಇದ್ದೇ ಇರುತ್ತದೆ. ಹಾಲಿನವಳಿಗೆ ಕೊಟ್ಟದ್ದು, ಅಗಸನಿಗೆ ಹಾಕಿದ ಬಟ್ಟೆ, ಅಂಗಡಿಯ ಬಾಕಿ, ಹುಣಸೆಹಣ್ಣು ಮಾರಿ ಬಂದ ಹಣ, ಇವೆಲ್ಲವೂ ಅದರಲ್ಲಿ ಬರೆಯಲ್ಪಡುತ್ತವೆ. ಆದರೆ ಅದೇ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನದ ಹೊತ್ತು ಅಜ್ಜಿಯೂ ಮೊಮ್ಮಗಳೂ ಎದುರುಬದುರಾಗಿ ಕುಳಿತು ಆಡುವ ಅಳಗುಳಿಮಣೆಯ ಆಟಕ್ಕೆ ಲೆಕ್ಕವಿಟ್ಟವರು ಎಷ್ಟು ಮಂದಿ? ಆಡಿದರು, ಗೆದ್ದರು, ನಕ್ಕರು, ಬೀಜಗಳನ್ನು ಚೀಲಕ್ಕೆ ತುಂಬಿ ಮೊಳೆಗೆ ತೂಗುಹಾಕಿದರು, ಅಲ್ಲಿಗೆ ಮುಗಿಯಿತು. ಹೀಗೆ ಮುಗಿದುಹೋಗುವುದರಿಂದ ಏನು ನಷ್ಟವಾಗುತ್ತದೆಂಬುದನ್ನೂ, ಅದನ್ನು ತಪ್ಪಿಸುವ ಸುಲಭೋಪಾಯವೊಂದನ್ನೂ ಈ ತಿಂಗಳು ವಾಚಕರ ಮುಂದೆ ಇಡಬೇಕೆಂದಿದ್ದೇನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಹುಣಸೆಯ ಮರಕ್ಕೆ ಬರವಿಲ್ಲ; ಆದ್ದರಿಂದ ಆಟದ ಬೀಜಕ್ಕೂ ಬರವಿಲ್ಲ. ಮಣೆಗೆ ಒಂದೊಂದು ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು ೧೪ ಗುಳಿಗಳು. ಕರಾವಳಿಯವರು ಇದನ್ನೇ ಚೆನ್ನೆಮಣೆಯೆನ್ನುತ್ತಾರೆ, ತಮಿಳರು ಪಲ್ಲಾಂಗುಳಿಯೆನ್ನುತ್ತಾರೆ, ಆಂಧ್ರದ ಗಡಿಗೆ ಸೇರಿದ ಪಾವಗಡದ ಕಡೆಯ ತೆಲುಗು ಮನೆಮಾತಿನವರ ಬಾಯಲ್ಲಿ ಅದು ವಾಮನಗುಂಟಲು. ಹೆಸರು ಬೇರೆಯಾದಂತೆ ನಿಯಮವೂ ಬೇರೆಬೇರೆ. ಒಂದು ಮನೆಯಲ್ಲಿ ಗುಳಿಗೆ ನಾಲ್ಕು ಬೀಜ, ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಆರು. ಆಡುವವರಿಗೆ ಇದರಿಂದ ತೊಂದರೆಯಿಲ್ಲ. ತೊಂದರೆಯಾಗುವುದು ಒಂದು ಮನೆಯ ಗೆಲವನ್ನು ಇನ್ನೊಂದು ಮನೆಯಲ್ಲಿ ಹೇಳಿದಾಗ.

ಕಳೆದ ಆಷಾಢದಲ್ಲಿ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಇಂತಹುದೊಂದು ಪ್ರಸಂಗ ನಡೆಯಿತು. ಶಿರಾದ ಕಡೆಯಿಂದ ಸೊಸೆಯಾಗಿ ಬಂದ ಹೆಣ್ಣುಮಗಳು, "ನಮ್ಮ ತಾಯಿಯವರು ಮೊದಲ ಸರದಿಯಲ್ಲೇ ಹದಿನೈದು ಬೀಜ ಎತ್ತುತ್ತಿದ್ದರು" ಎಂದಳು. ಪಾವಗಡಕ್ಕೆ ಕೊಟ್ಟಿದ್ದ ನಾದಿನಿಯು ಕೂಡಲೆ, "ಅದು ಹೇಗೆ ಅತ್ತಿಗೆ? ಐದೈದು ಬೀಜ ತುಂಬಿದ ಮಣೆಯಲ್ಲಿ ಮೊದಲ ಸರದಿಗೆ ಏಳಕ್ಕಿಂತ ಒಂದೂ ಹೆಚ್ಚು ಬರುವುದಿಲ್ಲ. ಯಾವ ಗುಳಿಯಿಂದ ಬೇಕಾದರೂ ಎತ್ತಿ ನೋಡಿ" ಎಂದಳು. ಆ ತಾಯಿಯು ತೀರಿಹೋಗಿ ಕೆಲವು ವರ್ಷಗಳಾಗಿದ್ದವು. "ಹಾಗಾದರೆ ಸತ್ತವರು ಸುಳ್ಳು ಹೇಳಿದರೆಂದೆಯಾ?" ಎಂದು ಅತ್ತಿಗೆಯ ಕಣ್ಣಿನಲ್ಲಿ ನೀರು ಬಂದಿತು. ಆ ದಿನ ಇಬ್ಬರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ.

ವಿಚಿತ್ರವೆಂದರೆ, ಇಬ್ಬರ ಮಾತೂ ನಿಜ. ಇದನ್ನು ವಾಚಕರು ತಮ್ಮ ಮಣೆಯ ಮೇಲೆ ತಾವೇ ಪರೀಕ್ಷಿಸಬಹುದು. ಆಡುವವರ ಕಡೆಯ ಸಾಲಿನಲ್ಲಿ ಎಡಗಡೆಯಿಂದ ಬಲಕ್ಕೆ ಗುಳಿಗಳನ್ನು ೧ರಿಂದ ೭ರವರೆಗೆ ಎಣಿಸಿ. ಅಲ್ಲಿಂದ ಎದುರು ಸಾಲಿಗೆ ತಿರುಗಿ ಬಲದಿಂದ ಎಡಕ್ಕೆ ೮ರಿಂದ ೧೪ರವರೆಗೆ ಎಣಿಸಿ. ಪ್ರತಿ ಗುಳಿಗೂ ಐದು ಬೀಜ ಹಾಕಿ, ಒಟ್ಟು ೭೦. ನಿಯಮವಿಷ್ಟು: ಒಂದು ಗುಳಿಯ ಬೀಜಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು, ಕೈ ಖಾಲಿಯಾದಮೇಲೆ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸುವುದು, ಆ ಮುಂದಿನ ಗುಳಿ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿದ್ದದ್ದು ಆಡಿದವರ ಪಾಲು, ಅಲ್ಲಿಗೆ ಸರದಿ ಮುಗಿಯಿತು.

೧ನೆಯ ಗುಳಿಯಿಂದ ಹೊರಡಿ. ೨ರಿಂದ ೬ರವರೆಗೆ ಹಾಕಿದಮೇಲೆ ೭ನ್ನು ಎತ್ತಬೇಕು, ಅದು ೧೨ಕ್ಕೆ ಮುಗಿಯುತ್ತದೆ, ೧೩ನ್ನು ಎತ್ತಬೇಕು, ಅದು ಸುತ್ತಿಕೊಂಡು ಬಂದು ೪ಕ್ಕೆ ಮುಗಿಯುತ್ತದೆ, ೫ರಲ್ಲಿ ಈಗ ಆರು ಬೀಜಗಳಿವೆ, ಅವು ೧೧ಕ್ಕೆ ಮುಗಿಯುತ್ತವೆ, ೧೨ರಲ್ಲಿಯೂ ಆರು, ಅವು ಪುನಃ ೪ಕ್ಕೆ ಮುಗಿಯುತ್ತವೆ. ಈಗ ೫ ಬರಿದಾಗಿದೆ. ಅದರಾಚೆಯ ೬ರಲ್ಲಿ ಏಳು ಬೀಜಗಳು. ಎಲ್ಲ ಗುಳಿಗಳೂ ಆರಂಭದಲ್ಲಿ ಸಮವಾಗಿರುವುದರಿಂದ, ಯಾವ ಗುಳಿಯಿಂದ ಹೊರಟರೂ ಇದೇ ನಡೆ, ಇದೇ ಏಳು. ಆದ್ದರಿಂದ ನಾದಿನಿಯ ಮಾತು ಅಕ್ಷರಶಃ ಸತ್ಯ.

ಆದರೆ ಕೆಲವು ಮನೆಗಳಲ್ಲಿ, ಗೆದ್ದ ಗುಳಿಯೊಡನೆ ಅದಕ್ಕೆ ಎದುರಾಗಿರುವ ಗುಳಿಯಲ್ಲಿದ್ದದ್ದನ್ನೂ ತೆಗೆದುಕೊಳ್ಳುವ ಪದ್ಧತಿಯುಂಟು. ಆ ಪದ್ಧತಿಯಲ್ಲಿ ಯಾವ ಗುಳಿಯಿಂದ ಹೊರಟರೆಂಬುದು ಬಹು ಮುಖ್ಯವಾಗುತ್ತದೆ. ೩ರಿಂದ ಹೊರಟವರಿಗೆ ಎದುರು ಗುಳಿ ಬರಿದಾಗಿ ಕೇವಲ ಏಳು ಸಿಕ್ಕುತ್ತವೆ. ೧ರಿಂದ ಹೊರಟವರಿಗೆ ಹದಿನಾಲ್ಕು. ೪ರಿಂದ ಹೊರಟವರಿಗೆ ೯ನೆಯ ಗುಳಿಯ ಏಳೂ ಅದರ ಎದುರಿನ ೬ನೆಯ ಗುಳಿಯ ಎಂಟೂ ಸೇರಿ ಹದಿನೈದು. ಉಳಿದ ಯಾವ ಗುಳಿಯಿಂದಲೂ ಹದಿನೈದು ಬರುವುದಿಲ್ಲ. ಎಂದಮೇಲೆ ಆ ತಾಯಿಯು ಸುಳ್ಳು ಹೇಳಲಿಲ್ಲ. ಮಾತ್ರವಲ್ಲ, ಏಳು ಗುಳಿಗಳಲ್ಲಿ ಶ್ರೇಷ್ಠವಾದ ಒಂದನ್ನು ಆರಿಸುವ ಜಾಣ್ಮೆಯೂ ಆಕೆಗಿತ್ತು. ಮಣೆಯ ಮೇಲೆ ಇದನ್ನು ಆಡಿ ತೋರಿಸಿದಮೇಲೆ ಅತ್ತಿಗೆ ನಾದಿನಿಯರು ಸಮಾಧಾನಗೊಂಡರು. ಆದರೆ ಆಕೆಯ ಮಿಕ್ಕ ಆಟಗಳು ಎಂತಹವಿದ್ದವೋ ಈಗ ಹೇಳುವವರಿಲ್ಲ. ಹದಿನೈದೆಂಬ ಒಂದು ಸಂಖ್ಯೆ ಉಳಿಯಿತು, ಜಾಣ್ಮೆ ಆಕೆಯೊಡನೆಯೇ ಹೋಯಿತು.

ಆದಕಾರಣ ನಾನು ಹೇಳಬೇಕಾದ ಮಾತು ಒಂದೇ: ಗೆದ್ದ ಸಂಖ್ಯೆಯನ್ನು ಮಾತ್ರ ಬರೆಯಬೇಡಿರಿ, ಆಟವನ್ನೇ ಬರೆಯಿರಿ. ಅಳಗುಳಿಮಣೆಯಲ್ಲಿ ಇದು ಅತಿ ಸುಲಭ. ಈ ಆಟದಲ್ಲಿ ದಾಳವಿಲ್ಲ, ಕವಡೆಯಿಲ್ಲ, ಅದೃಷ್ಟಕ್ಕೆ ಎಡೆಯೇ ಇಲ್ಲ. ಯಾವ ಗುಳಿಯಿಂದ ಹೊರಟರೆಂಬುದೊಂದು ತಿಳಿದರೆ, ಅದರ ಮುಂದಿನದೆಲ್ಲ ತಾನಾಗಿಯೇ ನಡೆದುಹೋಗುತ್ತದೆ. ಆದುದರಿಂದ ಪ್ರತಿ ಸರದಿಗೆ ಒಂದೇ ಅಂಕೆಯನ್ನು, ಎಂದರೆ ಹೊರಟ ಗುಳಿಯ ಸಂಖ್ಯೆಯನ್ನು ಬರೆದಿಟ್ಟರೆ ಸಾಕು. ಇಡೀ ಆಟವು ಒಂದು ಕಾಗದದ ಸಾಲಿನಲ್ಲಿ ಅಡಗಿಬಿಡುತ್ತದೆ. ಹತ್ತು ವರ್ಷಗಳ ಮೇಲೆ, ಆಡಿದವರ ಮುಖವನ್ನೇ ಕಾಣದವರೂ ತಮ್ಮ ಮಣೆಯ ಮೇಲೆ ಅದನ್ನು ಮತ್ತೆ ಆಡಿ, ಹದಿನೈದು ಬಂದದ್ದು ದಿಟವೇ ಎಂದು ನೋಡಬಹುದು. ಸಾಕ್ಷಿಯನ್ನು ಹುಡುಕಬೇಕಾಗಿಲ್ಲ, ಬರಹವೇ ಸಾಕ್ಷಿ.

ಆಟವನ್ನು ಬರೆದಿಡುವುದು ನಮ್ಮವರಿಗೆ ಹೊಸದೇನೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆಯಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಕೊನೆಯ ವಿಂಶತಿಯನ್ನು ಕ್ರೀಡೆಗಳಿಗೇ ಮೀಸಲಿಟ್ಟನು. ಅದಕ್ಕೂ ಮೊದಲೇ ಒಂಬತ್ತನೆಯ ಶತಮಾನದ ಆಲಂಕಾರಿಕನಾದ ರುದ್ರಟನು, ಚದುರಂಗದ ಕುದುರೆಯು ಒಂದು ಮನೆಯನ್ನೂ ಬಿಡದೆ, ಒಂದನ್ನೂ ಎರಡು ಬಾರಿ ಮುಟ್ಟದೆ ಸಂಚರಿಸುವ ಕ್ರಮವನ್ನು ಶ್ಲೋಕದ ಅಕ್ಷರಗಳಲ್ಲೇ ಅಡಗಿಸಿಟ್ಟನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ಇಂತಹ ಕುದುರೆಯ ನಡೆಗಳನ್ನು ರಚಿಸಿದ್ದಲ್ಲದೆ, ತಮ್ಮ ಶ್ರೀತತ್ತ್ವನಿಧಿಯ ಕೌತುಕನಿಧಿಯೆಂಬ ಭಾಗದಲ್ಲಿ ಅನೇಕ ಮಣೆಯಾಟಗಳನ್ನು ಬರೆಸಿಟ್ಟರು.

ಕುದುರೆಯ ನಡೆಯನ್ನು ೧, ೨, ೩ ಎಂದು ಮನೆಮನೆಗೂ ಅಂಕೆ ಹಾಕಿ ಬರೆಯುವ ಪದ್ಧತಿಯಿದ್ದುದರಿಂದಲೇ ಒಬ್ಬನ ಸಾಧನೆಯನ್ನು ಇನ್ನೊಬ್ಬನು ಪರೀಕ್ಷಿಸಿ ಮುಂದುವರಿಸುವುದು ಸಾಧ್ಯವಾಯಿತು. ಆ ಅಂಕೆಗಳನ್ನು ಅಡ್ಡಸಾಲಿನಲ್ಲಿ ಕೂಡಿದರೂ ಕಂಬಸಾಲಿನಲ್ಲಿ ಕೂಡಿದರೂ ೨೬೦ ಬರುವಂತೆ ಕುದುರೆಯನ್ನು ನಡೆಸುವ ವಿದ್ಯೆಯೊಂದುಂಟು. ಎರಡು ಕರ್ಣಗಳೂ ೨೬೦ ಆಗುವಂತೆ ಮಾಡಬಹುದೇ ಎಂದು ಅನೇಕರು ಅನೇಕ ಕಾಲ ಹೆಣಗಿದರು. ೨೦೦೩ರಲ್ಲಿ ಗಣಕಯಂತ್ರಗಳ ಸಹಾಯದಿಂದ ಎಲ್ಲ ನಡೆಗಳನ್ನೂ ಶೋಧಿಸಿ, ೬೪ ಮನೆಗಳ ಪಟದಲ್ಲಿ ಅದು ಅಸಾಧ್ಯವೆಂದೂ, ಸಾಲು ಕಂಬಗಳು ಮಾತ್ರ ಸಮವಾಗುವ ನಡೆಗಳು ಒಟ್ಟು ೧೪೦ ಬಗೆಯವೆಂದೂ ನಿಶ್ಚಯಿಸಿದರು. ಬರೆದಿಟ್ಟ ಆಟವು ವಿದ್ಯೆಯಾಗಿ ಬೆಳೆಯುತ್ತದೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕೆ?

ಇನ್ನು ನಿಯಮವನ್ನು ಬರೆಯುವುದರ ಆವಶ್ಯಕತೆಗೆ ದೂರದೇಶದ ಒಂದು ಉದಾಹರಣೆಯನ್ನು ಹೇಳುತ್ತೇನೆ. ಅಮೆರಿಕದ ಅಯೋವಾ ಪ್ರಾಂತದ ಒಟಮ್ವ ಎಂಬ ಸಣ್ಣ ಊರಿನಲ್ಲಿ ವಾಲ್ಟರ್ ಡೇ ಎಂಬಾತನು ೧೯೮೧ರಲ್ಲಿ, ಕಾಸು ಹಾಕಿ ಆಡುವ ವಿದ್ಯುದ್ಯಂತ್ರಗಳ ಆಟದ ಮನೆಯೊಂದನ್ನು ಟ್ವಿನ್ ಗ್ಯಾಲಕ್ಸೀಸ್ ಎಂಬ ಹೆಸರಿನಿಂದ ತೆರೆದನು. ಮರುವರ್ಷ ೧೯೮೨ರಲ್ಲಿ ನಾನಾ ಊರುಗಳ ಆಟಗಾರರು ಗಳಿಸಿದ ಅತ್ಯಧಿಕ ಅಂಕಗಳ ಪಟ್ಟಿಯೊಂದನ್ನು ಇಡತೊಡಗಿದನು. ಆ ಯಂತ್ರಗಳ ಒಳಗಿನ ಏರ್ಪಾಡನ್ನು ಸ್ವಲ್ಪ ಬದಲಾಯಿಸಿದರೆ ಆಟ ಸುಲಭವಾಗಿ ಅಂಕ ಏರುತ್ತಿತ್ತು. ಆದ್ದರಿಂದ ಯಾವ ಯಂತ್ರ, ಯಾವ ಏರ್ಪಾಡು, ಯಾರು ಕಂಡವರು ಎಂಬುದನ್ನು ವಿಚಾರಿಸದೆ ಅಂಕವನ್ನು ಒಪ್ಪುವಂತಿರಲಿಲ್ಲ. ಯಂತ್ರದ ಆಟಕ್ಕೆ ಏರ್ಪಾಡು ಹೇಗೋ, ನಮ್ಮ ಮಣೆಗೆ ಮನೆಯ ಪದ್ಧತಿ ಹಾಗೆ. ಏಳನ್ನೂ ಹದಿನೈದನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಸೇರಿನ ಅಳತೆಯನ್ನೂ ಮೊಳದ ಅಳತೆಯನ್ನೂ ಕೂಡಿದಂತೆ.

ಈಗ ಬರೆಯುವ ಕ್ರಮ. ಮಕ್ಕಳ ಹಳೆಯ ಪುಸ್ತಕದಲ್ಲಿ ಉಳಿದ ಬಿಳಿಯ ಹಾಳೆಗಳೇ ಇದಕ್ಕೆ ಸಾಕು. ಮೊದಲ ಪುಟದಲ್ಲಿ ನಿಮ್ಮ ಮನೆಯ ಪದ್ಧತಿಯನ್ನು ಒಂದು ಸಲ ಸ್ಪಷ್ಟವಾಗಿ ಬರೆಯಿರಿ: ಗುಳಿಗೆ ಬೀಜ ಎಷ್ಟು, ಎದುರು ಗುಳಿಯನ್ನು ತೆಗೆಯುವುದುಂಟೇ ಇಲ್ಲವೇ, ಆಡುತ್ತಿರುವಾಗ ಗುಳಿಯೊಂದರಲ್ಲಿ ನಾಲ್ಕು ಬೀಜಗಳಾದರೆ ಅವನ್ನು ಎತ್ತಿಕೊಳ್ಳುವ ಕ್ರಮವುಂಟೇ, ಕೊನೆಗೆ ಮಣೆಯಲ್ಲಿ ಉಳಿದದ್ದು ಯಾರ ಪಾಲು. ಆಮೇಲೆ ಆಟಕ್ಕೊಂದು ಪುಟದಂತೆ ದಿನಾಂಕ, ಊರು, ಆಡಿದ ಇಬ್ಬರ ಹೆಸರು, ಮೊದಲು ಆಡಿದವರು ಯಾರೆಂಬುದನ್ನು ಬರೆದು, ಕೆಳಗೆ ಎರಡು ಕಂಬಗಳನ್ನು ಎಳೆಯಿರಿ. ಪ್ರತಿ ಸರದಿಗೂ ಹೊರಟ ಗುಳಿ, ಬಂದ ಬೀಜ, ಅಷ್ಟೆ. "೪, ೧೫" ಎಂದು ಬರೆದರೆ ಆ ತಾಯಿಯ ಮೊದಲ ಸರದಿ ಶಾಶ್ವತವಾಯಿತು.

ಬರೆಯುವ ಕೆಲಸವನ್ನು ಆಡುವವರಿಗೆ ಒಪ್ಪಿಸದೆ, ಪಕ್ಕದಲ್ಲಿ ಕುಳಿತ ಮಗುವಿಗೆ ಒಪ್ಪಿಸುವುದು ಒಳ್ಳೆಯದು. ಎರಡು ಮೂರು ಸರದಿಗಳಿಗೊಮ್ಮೆ ಆ ಮಗುವು ತಾಳೆ ನೋಡಲಿ: ಇಬ್ಬರೂ ಗೆದ್ದ ಬೀಜಗಳನ್ನು ಕೂಡಿ, ಮಣೆಯಲ್ಲಿ ಉಳಿದದ್ದನ್ನು ಸೇರಿಸಿದರೆ ೭೦ ಆಗಬೇಕು. ಹದಿನೈದು ಗೆದ್ದಿದ್ದರೆ ಮಣೆಯಲ್ಲಿ ಐವತ್ತೈದು ಇರಲೇಬೇಕು. ಜಮಾ ಖರ್ಚಿನ ಪಾಠವನ್ನು ಶಾಲೆಯಲ್ಲಿ ಬೆತ್ತ ತೋರಿಸಿ ಕಲಿಸುವುದಕ್ಕಿಂತ ಇದು ಎಷ್ಟೋ ಮೇಲು. ಪುಸ್ತಕದ ಕೊನೆಯ ಪುಟದಲ್ಲಿ ಒಂದೇ ಸರದಿಯಲ್ಲಿ ಬಂದ ಅತ್ಯಧಿಕ ಬೀಜ, ಒಂದೇ ಸರದಿಯಲ್ಲಿ ಎತ್ತಿ ಹಾಕಿದ ಅತ್ಯಧಿಕ ಗುಳಿಗಳು, ಅತಿ ಬೇಗ ಮುಗಿದ ಆಟ, ಈ ಮೂರಕ್ಕೆ ಬೇರೆಬೇರೆ ಪಟ್ಟಿಗಳಿರಲಿ. ಪದ್ಧತಿ ಬೇರೆಯಾದರೆ ಪಟ್ಟಿಯೂ ಬೇರೆಯಾಗಲಿ. ಗೆದ್ದವರ ಹೆಸರಿನೊಡನೆ ಸೋತವರ ಹೆಸರನ್ನೂ ತಪ್ಪದೆ ಬರೆಯಿರಿ; ಎದುರಾಳಿಯಿಲ್ಲದೆ ಗೆಲವೆಲ್ಲಿಯದು?

ಚೌಕಾಬಾರದವರು ತಮಗೂ ಇಂತಹ ಪುಸ್ತಕ ಸಲ್ಲುವುದೇ ಎಂದು ಕೇಳಬಹುದು. ಸಲ್ಲುತ್ತದೆ, ಆದರೆ ಅಲ್ಲಿ ಅದೃಷ್ಟದ ಪಾಲು ದೊಡ್ಡದಾದ್ದರಿಂದ ನಡೆಯ ಜತೆಗೆ ಬಿದ್ದ ಗರವನ್ನೂ ಬರೆಯಬೇಕು. ಒಂದು ಮಗ್ಗುಲನ್ನು ಕಲ್ಲಿಗೆ ತೇಯ್ದು ಬಿಳುಪು ಮಾಡಿದ ನಾಲ್ಕು ಹುಣಸೆಬೀಜಗಳು ಎರಡು ಕಡೆಗೂ ಸಮವಾಗಿ ಬೀಳುವುವೆಂದು ಇಟ್ಟುಕೊಂಡರೆ, ನಾಲ್ಕೂ ಬಿಳುಪಾಗಿ ಚೌಕವಾಗುವುದು ೧೬ಕ್ಕೆ ೧. ನಾಲ್ಕೂ ಕಪ್ಪಾಗಿ ಎಂಟರ ಬಾರವಾಗುವುದೂ ೧೬ಕ್ಕೆ ೧. ಎರಡರಲ್ಲೊಂದು ಮೂರು ಸಲ ಒಂದರ ಹಿಂದೊಂದು ಬೀಳುವುದು ೫೧೨ಕ್ಕೆ ೧. ಯಾರದಾದರೂ ಪುಸ್ತಕದಲ್ಲಿ ಇದು ದಿನಕ್ಕೊಂದು ಸಲ ಕಂಡರೆ, ಆಟಗಾರನನ್ನು ಹೊಗಳುವುದಕ್ಕೆ ಮುಂಚೆ ಬೀಜಗಳನ್ನು ಕೈಗೆ ತೆಗೆದುಕೊಂಡು ನೋಡುವುದು ವಿವೇಕ.

ಬರೆದದ್ದನ್ನು ಹಂಚಿಕೊಳ್ಳುವ ಸೌಕರ್ಯ ಈಗ ಯಾರಿಗಿಲ್ಲ? ಪುಟದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಿದರೆ ಕೊರಟಗೆರೆಯ ಅಕ್ಕನ ಆಟವು ನಿಮಿಷಮಾತ್ರದಲ್ಲಿ ಪಾವಗಡದ ತಂಗಿಗೆ ಮುಟ್ಟುತ್ತದೆ. ಆದರೆ ಬರಿಯ ಸಂಖ್ಯೆಯನ್ನು ಕಳುಹಿಸಿದರೆ ಅದು ಜಂಬ. ಆಟದ ಸಾಲನ್ನು ಕಳುಹಿಸಿದರೆ ಅದು ಪಾಠ. ತಂಗಿಯು ಅದನ್ನು ತನ್ನ ಮಣೆಯಲ್ಲಿ ಆಡಿ ನೋಡಿ, "ಅಕ್ಕ, ಐದನೆಯ ಸರದಿಯಲ್ಲಿ ೨ರ ಬದಲು ೬ರಿಂದ ಹೊರಟಿದ್ದರೆ ಇನ್ನೂ ಹೆಚ್ಚು ಬರುತ್ತಿತ್ತು" ಎಂದು ಉತ್ತರ ಕೊಡಬಹುದು. ಸರದಿಗೊಂದು ಅಂಕೆಯನ್ನು ಕಳುಹಿಸುತ್ತ ದೂರದೂರಿನವರು ತಮ್ಮತಮ್ಮ ಮನೆಗಳಲ್ಲೇ ಕುಳಿತು ಒಂದು ಪೂರ್ಣ ಆಟವನ್ನು ಆಡಲೂಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯವೆಂಬ ಪ್ರದರ್ಶನಗಳನ್ನು ಏರ್ಪಡಿಸಿ ಇಂತಹ ಮಣೆಗಳನ್ನೂ ಪಟಗಳನ್ನೂ ಜನರ ಕಣ್ಣಿಗೆ ತಂದಿದ್ದಾರೆ. ಮಣೆಯನ್ನು ಉಳಿಸುವ ಕೆಲಸ ಅಂತಹವರದಾದರೆ, ಆಟವನ್ನು ಉಳಿಸುವ ಕೆಲಸ ಮನೆಮನೆಯವರದು.

ಈ ವಿದ್ಯೆಯು ಹೆಚ್ಚಾಗಿ ಹೆಂಗಸರ ಕೈಯಲ್ಲಿ ಬೆಳೆದುಬಂದದ್ದು. ಅಕ್ಷರ ಬಾರದಿದ್ದ ಎಷ್ಟೋ ಅಜ್ಜಿಯರು ಹದಿನಾಲ್ಕು ಗುಳಿಗಳ ಲೆಕ್ಕವನ್ನು ಮನಸ್ಸಿನಲ್ಲೇ ಇಟ್ಟುಕೊಂಡು, ಹತ್ತು ನಡೆ ಮುಂದಿನದನ್ನು ಕಂಡು ಆಡುತ್ತಿದ್ದರು. ಅವರಿಗೆ ಬರೆಯಲು ಬರುತ್ತಿರಲಿಲ್ಲ, ಬರೆಯಬಲ್ಲವರು ಅದನ್ನು ಬರೆಯತಕ್ಕ ವಿಷಯವೆಂದು ಎಣಿಸಲಿಲ್ಲ. ಈಗ ಮನೆಯಲ್ಲಿ ಎಲ್ಲರಿಗೂ ಅಕ್ಷರ ಬರುತ್ತದೆ. ನಿಮ್ಮ ಮನೆಯಲ್ಲಿ ಅಂತಹ ಅಜ್ಜಿಯೊಬ್ಬರು ಇನ್ನೂ ಇದ್ದರೆ, ಈ ಹೊತ್ತೇ ಮಣೆಯನ್ನು ಇಳಿಸಿ, ಧೂಳು ಒರೆಸಿ, ಗುಳಿಗೈದು ಬೀಜ ತುಂಬಿರಿ. ಒಬ್ಬರು ಅವರೆದುರಿಗೆ ಕುಳಿತು ಆಡಿರಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಬರೆಯಿರಿ. ಅಜ್ಜಿಯವರು ಗೆದ್ದರೆ ಬೇಸರಪಡಬೇಡಿರಿ. ಹೇಗೆ ಗೆದ್ದರೆಂಬುದು ನಿಮ್ಮ ಪುಸ್ತಕದಲ್ಲಿ ಉಳಿದಿರುತ್ತದೆ.