ಹಿತ್ತಲಿನ ಹಾಜರಿ ಪುಸ್ತಕ

ತರಗತಿಯಲ್ಲಿ ಹಾಜರಿ ಕರೆಯುವುದು ನನ್ನ ನಿತ್ಯದ ಕಾಯಕ. ಆದರೆ ನಮ್ಮ ಹಿತ್ತಲಿನ ಟೊಮೆಟೊ ಸಸಿಗಳ ಮೇಲೆ ಯಾರು ಯಾರು ಹಾಜರಿರುವರೆಂಬುದನ್ನು ಕಳೆದ ವರ್ಷದವರೆಗೆ ನಾನು ವಿಚಾರಿಸಿದವನೇ ಅಲ್ಲ. ಅದಕ್ಕೆ ದಂಡ ತೆತ್ತದ್ದು 24 ಸಸಿಗಳು.

ನೆಟ್ಟು ಮೂರು ವಾರವಾಗಿತ್ತು. ಹೊತ್ತುಹೊತ್ತಿಗೆ ನೀರೆರೆಯುತ್ತಿದ್ದೆ. ಒಂದು ದಿನ ನೋಡಿದರೆ ಕುಡಿಯೆಲೆಗಳೆಲ್ಲ ಮುದುಡಿ ಹಳದಿಯಾಗಿವೆ. ಗಾಬರಿಯಿಂದ ಪೇಟೆಗೆ ಹೋಗಿ ಕೀಟನಾಶಕ ತಂದು, ಮೇಲಿಂದ ಮೇಲೆ ಸಿಂಪಡಿಸಿದೆ. ಮರುದಿನ ಪಾತಿಯಲ್ಲಿ ಸತ್ತು ಬಿದ್ದಿದ್ದವು ಗುಲಗಂಜಿ ಹುಳುಗಳು. ಗಿಡದ ಹೇನುಗಳನ್ನು ತಿಂದು ನಮಗೆ ಉಪಕಾರ ಮಾಡುವ ಜೀವಿಗಳು! ಸಸಿಗಳು ಮಾತ್ರ ಚೇತರಿಸಿಕೊಳ್ಳಲಿಲ್ಲ.

ಸೊಪ್ಪು ಮಾರಲು ಬಂದ ಅಜ್ಜಿ ನನ್ನ ಪೇಚಾಟವನ್ನು ಕಂಡು, "ಎಲೆ ಮಗುಚಿ ನೋಡಿದ್ರಾ ಮೇಷ್ಟ್ರೆ?" ಎಂದು ಕೇಳಿದಳು. ಮಗುಚಿದೆ. ಹಿಟ್ಟಿನ ಕಣದಷ್ಟು ಸಣ್ಣ ಬಿಳಿ ನೊಣಗಳು ಎಲೆಯಡಿಯಿಂದ ಎದ್ದು ಹಾರಿದವು. ಟೊಮೆಟೊ ಎಲೆಯ ಮುಟುರು ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಈ ನೊಣವೇ. ರೋಗ ತಗಲಿದ ಗಿಡಕ್ಕೆ ಮದ್ದಿಲ್ಲ; ಎಳೆಯದರಲ್ಲೇ ತಗಲಿದರೆ ಫಲದ ಆಸೆಯನ್ನು ಬಿಡುವುದೇ ಲೇಸು. ಒಂದೊಂದಾಗಿ ಎಲ್ಲವನ್ನೂ ಕಿತ್ತೆ. ಅವುಗಳಿಗೆ ದಿನವೂ ಚೊಂಬಿನಲ್ಲಿ ನೀರು ಹಾಕುತ್ತಿದ್ದ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಮಾತಾಡಲಿಲ್ಲ.

ಈ ವರ್ಷ ಸಸಿಮಡಿಗೆ ಮೊದಲ ದಿನದಿಂದಲೇ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಿದೆವು. ನೆಟ್ಟ ಮೇಲೆ ಹಾಜರಿ ಆರಂಭವಾಯಿತು. ಬಿಳಿ ನೊಣಕ್ಕೆ ಹಳದಿ ಬಣ್ಣವೆಂದರೆ ಬಹಳ ಮೋಹ. ಹಳದಿ ರಟ್ಟಿಗೆ ಹರಳೆಣ್ಣೆ ಸವರಿ, ಸಸಿಗಳ ತುದಿಗಿಂತ ತುಸು ಮೇಲೆ ಕಡ್ಡಿಗೆ ಕಟ್ಟಿದೆವು. ಇದು ನೊಣಗಳನ್ನು ನಿರ್ಮೂಲ ಮಾಡುವ ಉಪಾಯವೆಂದು ಭ್ರಮಿಸಬಾರದು. ಅವು ಬಂದಿವೆಯೆ, ಹೆಚ್ಚುತ್ತಿವೆಯೆ ಎಂದು ತಿಳಿಸುವ ದೂತ ಮಾತ್ರ. ಭಾನುವಾರ, ಬುಧವಾರ ಬೆಳಗ್ಗೆ ಪಾತಿಯ ಬೇರೆ ಬೇರೆ ಕಡೆಯ ಐದು ಸಸಿಗಳನ್ನು ಆರಿಸಿ, ಎಲೆಗಳನ್ನು ಮೆಲ್ಲನೆ ಮಗುಚಿ, ಕಂಡುದನ್ನು ಎಣಿಸಿ ಬರೆಯುತ್ತೇವೆ. ಗುಲಗಂಜಿ ಹುಳುವಿಗೂ ಒಂದು ಅಂಕಣವುಂಟು.

ಗುರುತುಗಳನ್ನು ಓದಲು ಕಲಿಯುವುದು ಕಷ್ಟವೇನಲ್ಲ. ಎಲೆಯ ಮೇಲೆ ಬಿಳಿಯ ವಕ್ರರೇಖೆಗಳಿದ್ದರೆ ರಂಗೋಲಿ ಹುಳು. ಇರುವೆಗಳು ಸಾಲುಗಟ್ಟಿ ಗಿಡವೇರುತ್ತಿದ್ದರೆ ಕುಡಿಯಲ್ಲಿ ಹೇನುಗಳಿರಬಹುದು. ಅವು ಸುರಿಸುವ ಸಿಹಿ ದ್ರವಕ್ಕಾಗಿ ಈ ಮೆರವಣಿಗೆ. ರಾತ್ರಿ ನೆಟ್ಟಗಿದ್ದ ಸಸಿ ಬೆಳಗ್ಗೆ ಬುಡದಲ್ಲೇ ತುಂಡಾಗಿ ಬಿದ್ದಿದ್ದರೆ ಸುತ್ತಲಿನ ಮಣ್ಣನ್ನು ಬೆರಳಿನಿಂದ ಕೆದಕಿ ನೋಡಬೇಕು. ಕಾಂಡ ಕತ್ತರಿಸುವ ಹುಳು ಹಗಲೆಲ್ಲ ಅಲ್ಲಿಯೇ ಸುರುಳಿಯಾಗಿ ಮಲಗಿರುತ್ತದೆ.

ಎರಡನೆಯ ವಾರ ರಟ್ಟಿನ ಮೇಲೆ 4 ಬಿಳಿ ನೊಣಗಳಿದ್ದವು. ಮೂರನೆಯ ವಾರ 15. ಕೂಡಲೇ ಎಲ್ಲ ಸಸಿಗಳನ್ನೂ ಪರೀಕ್ಷಿಸಿದೆವು. ಎರಡರ ಕುಡಿ ಮುದುಡಿತ್ತು. ಅವನ್ನು ಕಿತ್ತು ಚೀಲದಲ್ಲಿ ಕಟ್ಟಿ ಹೊರಗೆ ಸಾಗಿಸಿ, ಉಳಿದವುಗಳ ಎಲೆಯಡಿಗೆ ತಾಗುವಂತೆ ಬೇವಿನೆಣ್ಣೆ ಬೆರೆಸಿದ ಸಾಬೂನು ನೀರನ್ನು ಸಿಂಪಡಿಸಿದೆ. ಪೇಟೆಯ ಔಷಧಿಯ ಗೊಡವೆ ಬೇಕಾಗಲಿಲ್ಲ.

ಉಳಿದ 22 ಸಸಿಗಳು ಈಗ ಹೂ ಬಿಟ್ಟಿವೆ. ಹಾಜರಿ ಪುಸ್ತಕ ಮಗಳ ವಶದಲ್ಲಿದೆ. ಕಳೆದ ಬುಧವಾರ ಕಾಲೇಜಿಗೆ ಹೊತ್ತಾಯಿತೆಂದು ನಾನು ಎಣಿಸದೆ ಹೊರಟಾಗ, ನನ್ನ ಹೆಸರಿನ ಮುಂದೆ ಆಕೆ 'ಗೈರುಹಾಜರು' ಎಂದು ಬರೆದಿಟ್ಟಿದ್ದಳು.