ಬಿಟ್ಟ ಮೆಟ್ಟಿಲಿನಿಂದ

ನವೆಂಬರ್ ಬಂತೆಂದರೆ ಮೂಡಿಗೆರೆ, ಕಳಸದ ತೋಟಗಳಲ್ಲಿ ಅರೇಬಿಕಾ ಹಣ್ಣಾಗುತ್ತದೆ. ಅದರ ಹಿಂದೆಯೇ ರೋಬಸ್ಟಾ. ಕುಯ್ಲಿಗೆಂದು ಬಯಲುಸೀಮೆಯಿಂದ, ದೂರದ ಅಸ್ಸಾಮಿನಿಂದಲೂ ಜನ ಬಂದು ಲೈನ್ ಮನೆಗಳಲ್ಲಿ ಬಿಡಾರ ಹೂಡುತ್ತಾರೆ. ಕೆಲವರ ಜೊತೆ ಮಕ್ಕಳೂ ಇರುತ್ತಾರೆ, ಊರಿನ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು. ಮಾರ್ಚಿನ ಪರೀಕ್ಷೆ ಇಂಥವರಿಗೆ ಅಂಟಿಸುವ ಹಣೆಪಟ್ಟಿ ಒಂದೇ: ‘ಹಿಂದುಳಿದವರು’.

ಹಿಂದುಳಿದದ್ದು ಮಗುವೋ, ಅಳತೆಗೋಲೋ?

1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ-ಕಲಿ’ ಅಳತೆಗೋಲನ್ನೇ ಬದಲಿಸಿತು. ಆಂಧ್ರದ ರಿಷಿವ್ಯಾಲಿಯ ಪ್ರಯೋಗ ನೋಡಿಬಂದ ಶಿಕ್ಷಕರು ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದರು. ಗೋಡೆಯ ಮೇಲೆ ಕಲಿಕಾ ಏಣಿ, ಮಕ್ಕಳ ಕೈಯಲ್ಲಿ ಕಾರ್ಡು. ಒಂದನ್ನು ಕಲಿತವರು ಮುಂದಿನದಕ್ಕೆ ಹೋಗುತ್ತಾರೆ. ಹದಿನೈದು ದಿನ ಶಾಲೆ ತಪ್ಪಿಸಿಕೊಂಡವರು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತಾರೆ. ದೊಡ್ಡ ಪರೀಕ್ಷೆಯ ಭಯವಿಲ್ಲ, ಆದರೆ ಪ್ರತಿ ಹೆಜ್ಜೆಗೂ ಪರೀಕ್ಷೆ ಇದ್ದೇ ಇದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು.

ಸುಲಭದ ಕೆಲಸವೇನಲ್ಲ. ಒಂದೇ ಕೋಣೆಯಲ್ಲಿ ಹಲವು ಮೆಟ್ಟಿಲಿನ ಮಕ್ಕಳು. ಮೇಷ್ಟರ ಕಣ್ಣು ಎಲ್ಲರ ಮೇಲೂ ಇರಬೇಕು. ಮೇಲಿನ ತರಗತಿಗೆ ಹೋದರೆ ಏಣಿಯೇ ಮಾಯ. ಎಲ್ಲರಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆ. ತೋಟದಿಂದ ಬಂದ ಮಗುವನ್ನು ‘ಎಷ್ಟನೇ ಕ್ಲಾಸು?’ ಎಂದು ಕೇಳುವವರೇ ಹೆಚ್ಚು. ‘ಎಲ್ಲಿಯವರೆಗೆ ಕಲಿತಿದ್ದೀಯಪ್ಪ?’ ಎಂದು ಕೇಳಿದರೆ ಅದರ ಮುಖ ಅರಳೀತು.

ಒಂದೇ ಗಿಡದ ಹಣ್ಣೆಲ್ಲ ಒಂದೇ ದಿನ ಕೆಂಪಾಗುವುದಿಲ್ಲ. ಹಣ್ಣಾದದ್ದನ್ನು ಕೊಯ್ದು, ಕಾಯನ್ನು ಬಿಟ್ಟು, ಮತ್ತೊಂದು ಸುತ್ತು ಬರುವ ತಾಳ್ಮೆ ತೋಟದವರಿಗಿದೆ. ಕಾಯಿಯನ್ನು ಯಾರೂ ‘ಫೇಲು’ ಎನ್ನುವುದಿಲ್ಲ.