ಪುಸ್ತಕ ಉಳಿಯಿತು, ಪೆಟ್ಟಿಗೆ ಭಂಗಾರಕ್ಕೆ ಹೋಯಿತು

ಚೆಂಬೂರಿನ ನಮ್ಮ ಬಳಗದ ಹಿರಿಯ ಲೇಖಕರೊಬ್ಬರು ತೀರಿಕೊಂಡಾಗ ಅವರ ಮನೆಯವರು ಪುಸ್ತಕಗಳನ್ನೆಲ್ಲ ನಮಗೆ ಒಪ್ಪಿಸಿದರು. ನಾವು ಸಂತೋಷದಿಂದ ಹೊತ್ತು ತಂದೆವು, ಪಟ್ಟಿ ಮಾಡಿದೆವು, ಮುದ್ರೆ ಒತ್ತಿದೆವು, ಚಿಕ್ಕದೊಂದು ಸಮಾರಂಭವನ್ನೂ ನಡೆಸಿದೆವು. ಅವರ ಮೇಜಿನ ಕೆಳಗಿದ್ದ ಕಂಪ್ಯೂಟರ್ ಪೆಟ್ಟಿಗೆಯ ಕಡೆ ನಮ್ಮಲ್ಲಿ ಒಬ್ಬರೂ ನೋಡಲಿಲ್ಲ. ಮುಂದಿನ ವಾರ ಅದು ಭಂಗಾರದವನ ಕೈಗಾಡಿ ಏರಿತು. ಕನ್ನಡದ ಬಂಗಾರಕ್ಕೂ ಮುಂಬಯಿಯ ಭಂಗಾರಕ್ಕೂ ಒಂದು ಮಹಾಪ್ರಾಣದ ಅಂತರವಷ್ಟೇ ಎಂದು ನಾವು ಹಾಸ್ಯ ಮಾಡುವುದುಂಟು. ಆಮೇಲೆ ಆ ಹಾಸ್ಯ ನಮಗೆ ರುಚಿಸಿಲ್ಲ. ನಾವು ತಂದ ಪುಸ್ತಕಗಳಲ್ಲಿ ಬಹುಪಾಲು ಬೇರೆ ಗ್ರಂಥಾಲಯಗಳಲ್ಲೂ ಸಿಗುವಂಥವು. ಆ ಪೆಟ್ಟಿಗೆಯಲ್ಲಿದ್ದುದು ಇನ್ನೆಲ್ಲಿಯೂ ಇರಲಿಲ್ಲ. ಕೊನೆಯ ಹತ್ತು ಹನ್ನೆರಡು ವರ್ಷ ಅವರು ಕಾಗದದ ಮೇಲೆ ಬರೆದವರೇ ಅಲ್ಲ.

ಈಗ ಅದೇ ಮನೆಯ ಅಟ್ಟದಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಸಿಕ್ಕಿದೆ. ಅದರೊಳಗೆ 23 ಫ್ಲಾಪಿಗಳು. ಕಳೆದ ಸಭೆಯಲ್ಲಿ ಬಂದ ಸಲಹೆ ಇದು: ರಿಪೇರಿ ಅಂಗಡಿಗೆ ಕೊಟ್ಟು ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಸೋಣ, ಡಬ್ಬಿಯನ್ನು ಎಸೆಯೋಣ. ಹೆಚ್ಚಿನವರು ತಲೆಯಾಡಿಸಿದರು. ನಾವು ನಾಲ್ವರು ಒಪ್ಪಲಿಲ್ಲ. ಯಾಕೆ ಒಪ್ಪಲಿಲ್ಲವೆಂಬುದನ್ನು ಸಭೆಯ ಗದ್ದಲದಲ್ಲಿ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇವೆ.

ಅಂಗಡಿಯವನು ಕೆಲಸ ಕೆಟ್ಟದಾಗಿ ಮಾಡುತ್ತಾನೆಂದು ನಮ್ಮ ದೂರಲ್ಲ. ಅವನು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದರೂ ನಷ್ಟವಾಗುತ್ತದೆ. ಕಡತವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಎಳೆದು ಹಾಕಿದ ಕೂಡಲೇ ಅದರ ಹುಟ್ಟಿನ ದಿನಾಂಕ ಅಳಿದು, ನಕಲಾದ ದಿನಾಂಕ ಕೂರುತ್ತದೆ. ತೆರೆದು ಹೊಸ ರೂಪದಲ್ಲಿ ಉಳಿಸಿದರೆ ಕೊನೆಯದಾಗಿ ತಿದ್ದಿದ ದಿನವೂ ಹೋಯಿತು. ಯಾವ ಕಥೆ ಮೊದಲು, ಯಾವುದು ಆಮೇಲೆ, ಯಾವ ಕರಡು ಯಾವುದರ ಮೇಲೆ ಎದ್ದಿತು ಎಂದು ಹೇಳಬಲ್ಲ ಸಾಕ್ಷ್ಯ ಅದೊಂದೇ ಆಗಿರಬಹುದು. ಅಳಿಸಿದ ಕಡತಗಳಂತೂ ನಕಲಿಗೆ ಬರುವುದೇ ಇಲ್ಲ. ಅಳಿಸುವುದೆಂದರೆ ಯಂತ್ರದ ಲೆಕ್ಕದಲ್ಲಿ ಪರಿವಿಡಿಯಿಂದ ಹೆಸರು ತೆಗೆಯುವುದು; ಮೇಲೆ ಬೇರೇನಾದರೂ ಬರೆಯುವವರೆಗೆ ಪುಟ ಅಲ್ಲಿಯೇ ಇರುತ್ತದೆ.

ಓಲೆಗರಿಯ ಕಾಲದಿಂದ ನಮಗೆ ಈ ವಿವೇಕವಿತ್ತು. ಕಂಡದ್ದನ್ನು ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ನನ್ನನ್ನು ದೂರಬೇಡಿ ಎಂದು ಲಿಪಿಕಾರರು ಪ್ರತಿಯ ಕೊನೆಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದರು. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಠ್ಯವಾಗಿ ಓದಿದವರು ನಮ್ಮ ಬಳಗದಲ್ಲೇ ಇದ್ದಾರೆ. ಹೊಡೆದುಹಾಕಿದ ಅಕ್ಷರ, ಅಂಚಿನ ಟಿಪ್ಪಣಿ, ಗರಿಗಳ ಅನುಕ್ರಮ ಯಾವುದನ್ನೂ ಸಂಪಾದಕ ಕಡೆಗಣಿಸಕೂಡದೆಂದು ಭಾಷಣ ಮಾಡಬಲ್ಲ ಅವರೇ ಫ್ಲಾಪಿಯ ಮಾತು ಬಂದಾಗ ಅಂಗಡಿಯ ದಾರಿ ತೋರಿಸಿದರು.

ಕಡತವನ್ನು ಕಂಡಂತೆ ಉಳಿಸುವ ಉಪಕರಣಗಳು ಇಂದು ಇವೆ. ಅವು ಹುಟ್ಟಿದ್ದು ಅಪರಾಧ ತನಿಖೆಯ ಲೋಕದಲ್ಲಿ. ಹೆಸರು ಡಿಜಿಟಲ್ ಫೊರೆನ್ಸಿಕ್ಸ್. ಆ ಹೆಸರು ಕೇಳಿಯೇ ಸಭೆಯಲ್ಲಿ ಒಬ್ಬರು, ‘ನಮ್ಮ ಮಾಸ್ತರರೇನು ಕಳ್ಳರೇ?’ ಎಂದರು. ಅವರಿಗೆ ನಾವು ಕಲೀನಾವನ್ನು ನೆನಪಿಸುತ್ತೇವೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇರುವುದು ಅಲ್ಲಿನ ವಿದ್ಯಾನಗರಿಯಲ್ಲಿ. ರಾಜ್ಯ ಸರಕಾರದ ವಿಧಿವಿಜ್ಞಾನ ಪ್ರಯೋಗಾಲಯವೂ ಅದೇ ಕಲೀನಾದಲ್ಲಿ. ಒಂದು ಕಡೆ ಹಸ್ತಪ್ರತಿಯ ಪಾಠಾಂತರ, ಇನ್ನೊಂದು ಕಡೆ ಹಾರ್ಡ್‌ಡಿಸ್ಕಿನ ಪಂಚನಾಮೆ. ಎರಡೂ ಕೇಳುವ ಪ್ರಶ್ನೆ ಒಂದೇ: ಕೈಗೆ ಬಂದದ್ದು ಬಂದಂತೆಯೇ ಇದೆಯೇ, ನಡುವೆ ಯಾರ ಕೈಯಾದರೂ ಆಡಿದೆಯೇ? 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮವು ವಿದ್ಯುನ್ಮಾನ ದಾಖಲೆಯ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಲು ಹೇಳುತ್ತದೆ. ಹ್ಯಾಶ್ ಎಂದರೆ ಕಡತದ ಬೆರಳಚ್ಚು: ಒಳಗೆ ಒಂದು ದೀರ್ಘ ಹ್ರಸ್ವವಾದರೂ ಪೂರ್ತಿ ಬದಲಾಗುವ ಅಂಕಿ-ಅಕ್ಷರಗಳ ಸರಣಿ. ಹತ್ತು ಸಾವಿರ ರೂಪಾಯಿಯ ವ್ಯಾಜ್ಯಕ್ಕೆ ಬೇಕಾದಷ್ಟು ಎಚ್ಚರ ಒಬ್ಬ ಕಾದಂಬರಿಕಾರನ ಕರಡಿಗೆ ಬೇಡವೇ?

ಬೇಕು ಎಂದವರ ಕೆಲಸವನ್ನು ನೋಡಬಹುದು. ಇದೇ ಮುಂಬಯಿಯಲ್ಲಿ ಹುಟ್ಟಿದ ಸಲ್ಮಾನ್ ರಶ್ದಿಯವರ ಕಾಗದಪತ್ರಗಳು ಅಮೆರಿಕದ ಎಮೊರಿ ವಿಶ್ವವಿದ್ಯಾಲಯಕ್ಕೆ ಹೋದಾಗ ಅವುಗಳ ಜೊತೆ ನಾಲ್ಕು ಮ್ಯಾಕಿಂಟಾಶ್ ಕಂಪ್ಯೂಟರುಗಳೂ ಹೋದವು. 2010ರಲ್ಲಿ ಸಂಗ್ರಹ ಓದುಗರಿಗೆ ತೆರೆದಾಗ, ಅವುಗಳಲ್ಲೊಂದನ್ನು ಲೇಖಕರು ಬಳಸುತ್ತಿದ್ದ ರೂಪದಲ್ಲೇ ಪರದೆಯ ಮೇಲೆ ನೋಡುವಂತೆ ಮಾಡಿದ್ದರು. ‘ರೆಂಟ್’ ಎಂಬ ಸಂಗೀತ ನಾಟಕ ಬರೆದು, 1996ರ ಜನವರಿಯಲ್ಲಿ ಅಕಾಲದಲ್ಲಿ ತೀರಿಕೊಂಡ ಜೊನಾಥನ್ ಲಾರ್ಸನ್ನರದು ನಮಗೆ ಇನ್ನೂ ಹತ್ತಿರದ ಕಥೆ. ಅವರ ಫ್ಲಾಪಿಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ. ಆ ಕಾಲದ ವರ್ಡ್ ತಂತ್ರಾಂಶದಲ್ಲಿ ಬೇಗ ಉಳಿಸುವ ಒಂದು ಸೌಲಭ್ಯವಿತ್ತು; ತಿದ್ದಿದ್ದನ್ನು ಅದು ಕಡತದ ಕೊನೆಗೆ ಸೇರಿಸುತ್ತಿತ್ತೇ ಹೊರತು ಹಳೆಯ ಸಾಲನ್ನು ನಿಜವಾಗಿ ತೆಗೆಯುತ್ತಿರಲಿಲ್ಲ. ವರ್ಡ್‌ನಲ್ಲಿ ತೆರೆದರೆ ಕೊನೆಯ ಪಾಠ ಮಾತ್ರ. ಕಡತವನ್ನು ಹಾಗೆಯೇ ಬಗೆದು ನೋಡಿದ ಸಂಶೋಧಕ ಡಗ್ ರೀಸೈಡ್ ಅವರಿಗೆ ಕಂಡದ್ದು ಕೈಬಿಟ್ಟ ಸಾಲುಗಳು. ನಮ್ಮ ಅಂಗಡಿಯವನು ಅದನ್ನೇ ಹೊಸ ವರ್ಡ್‌ಗೆ ಬದಲಿಸಿಕೊಟ್ಟಿದ್ದರೆ ಆ ಸಾಲುಗಳು ಅಂದೇ ಮುಗಿದಿದ್ದವು.

ಪರದೇಶದ ಶ್ರೀಮಂತ ಸಂಸ್ಥೆಗಳ ಮಾತು ನಮಗೇಕೆ ಎನ್ನುವವರು ಖರ್ಚಿನ ಲೆಕ್ಕ ಕೇಳಲಿ. ಫ್ಲಾಪಿಯ ಮೂಲೆಯ ಪುಟ್ಟ ತುಂಡನ್ನು ಸರಿಸಿ ಕಿಂಡಿ ತೆರೆದರೆ ಅದರ ಮೇಲೆ ಯಂತ್ರ ಬರೆಯುವುದಿಲ್ಲ; ಅದಕ್ಕೆ ಉಗುರು ಸಾಕು. 1.44 ಎಂಬಿಯ ಫ್ಲಾಪಿಯಲ್ಲಿ 512 ಬೈಟುಗಳ 2,880 ಸೆಕ್ಟರುಗಳಿವೆ. ಖಾಲಿ ಎನಿಸುವವೂ ಸೇರಿ ಎಲ್ಲವನ್ನೂ ಇದ್ದಂತೆ ಓದಿ ಒಂದೇ ಕಡತವಾಗಿ ಇಡುವುದಕ್ಕೆ ಡಿಸ್ಕ್ ಇಮೇಜ್ ಎನ್ನುತ್ತಾರೆ. ಹಾರ್ಡ್‌ಡಿಸ್ಕಿಗೆ ಮಾತ್ರ ರೈಟ್ ಬ್ಲಾಕರ್ ಎಂಬ ಉಪಕರಣ ಬೇಕು, ಏಕೆಂದರೆ ವಿಂಡೋಸ್ ಯಂತ್ರಕ್ಕೆ ಸುಮ್ಮನೆ ಜೋಡಿಸಿದರೂ ಅದು ತನ್ನದೊಂದು ಕಡತಕೋಶವನ್ನು ಅಲ್ಲಿ ಬರೆದುಬಿಡುತ್ತದೆ. ತಂತ್ರಾಂಶಕ್ಕೆ ದುಡ್ಡೇ ಇಲ್ಲ. ಉತ್ತರ ಕೆರೊಲಿನಾ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯಗಳು 2011ರಲ್ಲಿ ಆರಂಭಿಸಿದ ಬಿಟ್‌ಕ್ಯುರೇಟರ್ ಗ್ರಂಥಾಲಯಗಳಿಗೆಂದೇ ಸಿದ್ಧವಾದದ್ದು, ಉಚಿತ. ನಮ್ಮ ಒಂದು ವಾರ್ಷಿಕೋತ್ಸವದ ಶಾಲು-ಹಾರಗಳ ಖರ್ಚಿನಲ್ಲಿ ಈ ಕೆಲಸ ಮುಗಿದು ಚಹಾಕ್ಕೂ ಮಿಗುತ್ತದೆ.

ಕಷ್ಟವಿರುವುದು ಬೇರೆಡೆ, ಅದು ಕನ್ನಡದ್ದೇ ಕಷ್ಟ. ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ.ಪಿ. ರಾಯರು ‘ಸೇಡಿಯಾಪು’ ತಂತ್ರಾಂಶದಿಂದ ಕಂಪ್ಯೂಟರಿಗೆ ಕನ್ನಡ ತಂದರು. ಬರಹ, ನುಡಿ, ಶ್ರೀಲಿಪಿಗಳು ಬಂದವು. ಯೂನಿಕೋಡ್ ಬಳಕೆಗೆ ಬರುವ ತನಕ ಇವುಗಳಲ್ಲಿ ಒಂದೊಂದೂ ಲ್ಯಾಟಿನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿತ್ತು. ನುಡಿಯ ಆ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಿಸಿದ ‘ಕನ್ನಡ’ ಎಂಬ ಪದ, ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ಪಿ ಮತ್ತು ಕ್ಯೂಗಳ ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಸಿಕ್ಕಿಕೊಂಡ ಗೋಜಲಾಗಿ ಕಾಣುತ್ತದೆ. ಪರದೇಶದ ಉಪಕರಣಕ್ಕೆ ಅದು ಕನ್ನಡವೆಂದು ತಿಳಿಯುವುದಿಲ್ಲ. ಇನ್ನೂ ದುಃಖದ ಸಂಗತಿಯೆಂದರೆ ಮನೆಯ ಮಕ್ಕಳಿಗೂ ತಿಳಿಯುವುದಿಲ್ಲ. ಚೆಂಬೂರಿನಲ್ಲೋ ಪುಣೆಯಲ್ಲೋ ಇಂಗ್ಲಿಷ್ ಶಾಲೆಯಲ್ಲಿ ಓದಿ ಬೆಳೆದ ಮೊಮ್ಮಗಳು ಅಜ್ಜನ ಕಾದಂಬರಿಯನ್ನು ತೆರೆದು, ಕಡತ ಕೆಟ್ಟಿದೆ ಅಥವಾ ವೈರಸ್ ಬಡಿದಿದೆ ಎಂದುಕೊಂಡು ಅಳಿಸುತ್ತಾಳೆ. ಅವಳದು ತಪ್ಪೆನ್ನಲಾಗದು. ಆದ್ದರಿಂದ ಇಮೇಜಿನ ಜೊತೆ ಆ ಕಾಲದ ಫಾಂಟುಗಳನ್ನೂ ತಂತ್ರಾಂಶವನ್ನೂ ಉಳಿಸಬೇಕು. ಯೂನಿಕೋಡಿಗೆ ಪರಿವರ್ತಿಸಿದ ಪ್ರತಿ ಓದಿಗೆ, ಮೂಲ ಸಾಕ್ಷಿಗೆ.

ಒಂದು ಆಕ್ಷೇಪಕ್ಕೆ ಮಾತ್ರ ನಾವು ತಲೆಬಾಗುತ್ತೇವೆ. ಲೇಖಕರು ಅಳಿಸಿದ್ದನ್ನು ಎತ್ತಿ ತೆಗೆಯಲು ನಾವು ಯಾರು? ಫ್ಲಾಪಿಯಲ್ಲಿ ಕಥೆಗಳಷ್ಟೇ ಇರುವುದಿಲ್ಲ. ಸಾಲದ ಲೆಕ್ಕ, ಆಸ್ಪತ್ರೆಯ ಕಾಗದ, ಕೋಪದಲ್ಲಿ ಬರೆದು ಕಳಿಸದೆ ಅಳಿಸಿದ ಪತ್ರ ಇರಬಹುದು. ಆ ಪತ್ರ ಯಾರಿಗೆಂದು ಬರೆದದ್ದೋ ಅವರು ನಮ್ಮ ನಡುವೆಯೇ ಮುಂದಿನ ಸಾಲಿನಲ್ಲಿ ಕುಳಿತಿರಬಹುದು. ತನ್ನ ಕೈಯಾರೆ ಅಳಿಸಿದ್ದು ಅಳಿಯಿತೆಂದೇ ಅವರು ನಂಬಿದ್ದರು. ಆ ನಂಬಿಕೆಯನ್ನು ಮುರಿಯುವ ಹಕ್ಕು ಸಾಹಿತ್ಯದ ಹೆಸರಿನಲ್ಲೂ ನಮಗಿಲ್ಲ ಎಂದು ನಮ್ಮ ನಾಲ್ವರಲ್ಲೇ ಒಬ್ಬರು ವಾದಿಸಿದ್ದಾರೆ, ಆ ವಾದ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ನಾವು ಒಪ್ಪಿಕೊಂಡದ್ದು ಇಷ್ಟು: ಇಮೇಜನ್ನು ಪೂರ್ತಿಯಾಗಿಯೇ ತೆಗೆಯಬೇಕು, ಅಳಿಸಿದ ಭಾಗಕ್ಕೆ ಮಾತ್ರ ಬೀಗ. ಅದನ್ನು ತೆರೆಯಬೇಕೇ, ಯಾವಾಗ ತೆರೆಯಬೇಕು ಎಂಬುದನ್ನು ಮನೆಯವರು ಬರೆದು ಕೊಡಲಿ; ಕೊಡದಿದ್ದರೆ ಬೀಗ ಹಾಗೆಯೇ ಇರಲಿ. ರಶ್ದಿಯವರ ಸಂಗ್ರಹದಲ್ಲೂ ಎಲ್ಲವೂ ಎಲ್ಲರಿಗೂ ತೆರೆದಿಲ್ಲ. ಇವೇ ಉಪಕರಣಗಳು ದೂರವಾಣಿ ಸಂಖ್ಯೆ, ಕಾರ್ಡಿನ ಸಂಖ್ಯೆ, ಇಮೇಲ್ ವಿಳಾಸಗಳನ್ನು ಹುಡುಕಿ ಕೊಡುತ್ತವೆ. ದಾಖಲಾತಿಗಾರರು ಅದನ್ನು ಬಳಸುವುದು ಏನನ್ನು ಮರೆಮಾಡಬೇಕೆಂದು ತಿಳಿಯಲು. ಹಳೆಯ ನುಡಿಯಲ್ಲಿ ಅಡಗಿದ ಗುಟ್ಟನ್ನು ಮಾತ್ರ ಅವು ಗುರುತಿಸಲಾರವು. ಅದಕ್ಕೆ ಕನ್ನಡ ಬಲ್ಲ, ಬಾಯಿ ಬಿಗಿಹಿಡಿಯಬಲ್ಲ ಒಬ್ಬರು ಕೂರಬೇಕು. ರಿಪೇರಿ ಅಂಗಡಿಯ ಬೆಂಚಿನ ಮೇಲೆ ಎಲ್ಲ ಕಡತಗಳನ್ನೂ ತೆರೆದಿಡುವುದರಲ್ಲಿ ಯಾವ ಮರ್ಯಾದೆ ಉಳಿಯುತ್ತದೆಂದು ಖಾಸಗಿತನದ ಮಾತೆತ್ತಿದವರೇ ಹೇಳಲಿ.

‘ಡಿಜಿಟಲೀಕರಣ ನಡೆದೇ ಇದೆಯಲ್ಲ’ ಎಂಬ ಸಮಾಧಾನವೂ ಕೇಳಿಬಂತು. ಹಳೆಯ ಸ್ಮರಣ ಸಂಚಿಕೆಗಳನ್ನು ಸ್ಕ್ಯಾನ್ ಮಾಡುವುದು ಒಳ್ಳೆಯ ಕೆಲಸವೇ. ಆದರೆ ಕಾಗದ ಕಾಯುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ನಮ್ಮವರು ಒದ್ದೆ ಪುಸ್ತಕಗಳನ್ನು ಫ್ಯಾನಿನ ಕೆಳಗೆ ಹರಡಿ ಒಣಗಿಸಿದರು. ನೀರು ಹೊಕ್ಕ ಕಂಪ್ಯೂಟರುಗಳನ್ನು ಕೆಸರಿನೊಂದಿಗೇ ಸಾಗಹಾಕಿದರು. 2017ರ ಸೆಪ್ಟೆಂಬರ್ 16ರಂದು ಇದೇ ಚೆಂಬೂರಿನ ಆರ್.ಕೆ. ಸ್ಟುಡಿಯೋಗೆ ಬೆಂಕಿ ಬಿದ್ದು ರಾಜ್ ಕಪೂರ್ ಚಿತ್ರಗಳ ಉಡುಪುಗಳು ಬೂದಿಯಾದಾಗ ದೇಶವೇ ಮರುಗಿತು. ಕಡಲ ತೇವದಲ್ಲಿ ಬೂಷ್ಟು ಹಿಡಿದು ಸಾಯುವ ಫ್ಲಾಪಿಗೆ ಹೊಗೆಯೂ ಇಲ್ಲ, ಸುದ್ದಿಯೂ ಇಲ್ಲ. ಒಳನಾಡಿನ ಲೇಖಕರಿಗೆ ಅಲ್ಲಿನ ವಿಶ್ವವಿದ್ಯಾಲಯಗಳಿವೆ, ಅಕಾಡೆಮಿಗಳಿವೆ. ಹೊರನಾಡಿನವನ ಕರಡು ಕರ್ನಾಟಕಕ್ಕೆ ದೂರದ್ದು, ಮಹಾರಾಷ್ಟ್ರಕ್ಕೆ ಓದಲಾಗದ್ದು. ಅದನ್ನು ಕಾಯುವ ಸಂಸ್ಥೆ ಎಂದರೆ ನಾವೇ, ನಮ್ಮ ಒಂದು ಕಪಾಟು.

ಮುಂದಿನ ಸಭೆಗೆ ನಾವು ಇಡುವ ಠರಾವು ಹೀಗಿದೆ. ಡಬ್ಬಿಯನ್ನು ಅಂಗಡಿಗೆ ಕಳಿಸಕೂಡದು. ಇನ್ನು ಮೇಲೆ ಯಾವ ಲೇಖಕರ ಮನೆಯಿಂದ ಪುಸ್ತಕ ತಂದರೂ ಮೇಜಿನ ಕೆಳಗಿನ ಪೆಟ್ಟಿಗೆ, ಸೀಡಿ, ಹಳೆಯ ಮೊಬೈಲುಗಳ ಬಗ್ಗೆ ಅಲ್ಲಿಯೇ ಕೇಳಬೇಕು, ಮನೆಯವರ ಒಪ್ಪಿಗೆ ಪತ್ರವನ್ನೂ ಪಡೆಯಬೇಕು. ಡಬ್ಬಿ ಸದ್ಯ ನಮ್ಮಲ್ಲಿದೆ. 23 ಫ್ಲಾಪಿಗಳ ಕಿಂಡಿಗಳನ್ನೂ ತೆರೆದು, ಮೇಲಿನ ಚೀಟಿಗಳಲ್ಲಿದ್ದುದನ್ನು ಇದ್ದಂತೆ ಬರೆದುಕೊಂಡಿದ್ದೇವೆ. ನಾಲ್ಕರ ತಟ್ಟೆಯ ಮೇಲೆ ಬಿಳಿಯ ಬೂಷ್ಟು ಕಂಡಿತು. ಹಾಗೆಯೇ ಯಂತ್ರಕ್ಕೆ ತುರುಕಿದರೆ ಅದರ ಓದುತಲೆಗೂ ಅಂಟುತ್ತದೆಂದು ಅವನ್ನು ಬೇರೆ ಡಬ್ಬಿಯಲ್ಲಿ ಇಟ್ಟಿದ್ದೇವೆ. ಆ ನಾಲ್ಕರಲ್ಲಿ ಒಂದರ ಚೀಟಿಯ ಮೇಲೆ ‘ಕಾದಂಬರಿ, ಎರಡನೆಯ ಸಲ’ ಎಂದು ಅವರ ಕೈಬರಹವಿದೆ. ಅವರು ಕಾದಂಬರಿ ಬರೆಯುತ್ತಿದ್ದರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.